ಕಿತ್ತ ಮೊಳೆ

ತಿಮ್ಮೇಶನ ಗಾಡಿಗೆ ಮೊಳೆ ಚುಚ್ಚಲು ಬೇರೆ ದಿನ ಸಿಗಲಿಲ್ಲವೇ? ವರ್ಷವಿಡೀ ಕೆಲಸವಿಲ್ಲದೆ ವಿನೋಬನಗರದ ಓಣಿಗಳನ್ನು ಸುತ್ತಿದವನಿಗೆ ಕಡೆಗೂ ಹರಿಹರದ ಬೀಜದ ಗೋದಾಮಿನ ಸಾಹುಕಾರರು ಕೆಲಸ ಕೊಡುತ್ತೇನೆಂದಿದ್ದರು. ಕೊಂಡಜ್ಜಿ ಕಡೆಯ ಹಳ್ಳಿಗಳಿಗೆ ಹೋಗಿ ರೈತರಿಗೆ ಬೀಜ ತೋರಿಸಿ ಬರುವ ಕೆಲಸ. "ಸೋಮವಾರ ಒಂಬತ್ತಕ್ಕೆ ಗಾಡಿ ಸಮೇತ ಬಾ. ತಡ ಮಾಡೋರು ನನಗೆ ಬ್ಯಾಡ" ಎಂದು ಖಡಾಖಂಡಿತವಾಗಿ ಹೇಳಿದ್ದರು. ಅದಕ್ಕೆಂದೇ ತಿಮ್ಮೇಶ ಅಪ್ಪನ ಕಾಲದ ಗಾಡಿ ಮಾರಿ, ಟ್ಯೂಬ್‌ಲೆಸ್ ಟೈರಿನ ಬೈಕೊಂದನ್ನು ತಂದು ಹದಿನೈದು ದಿನವಾಗಿತ್ತು.

ಸೋಮವಾರ ಎಂಟು ಗಂಟೆಗೆ ಹೊರಡಲು ನೋಡಿದರೆ ಹಿಂದಿನ ಚಕ್ರದಲ್ಲಿ ಮೊಳೆ. ಗಾಳಿ ಮಾತ್ರ ಗಟ್ಟಿಯಾಗೇ ಇತ್ತು. ಏನೂ ತೋಚದೆ ಪಕ್ಕದ ಮನೆಯ ಭಾವನನ್ನು ಕೂಗಿದ. ಭಾವ ಮಹೇಂದ್ರ ಎಂದರೆ ಅಕ್ಕ ಸುಧಾಳ ಗಂಡ. ಅಪ್ಪ ಅಮ್ಮ ಹೋದ ಮೇಲೆ ತಿಮ್ಮೇಶನಿಗೆ ಹಿರಿಯರೆಂದರೆ ಅವರಿಬ್ಬರೇ. ಭಾವ ಹೂಂ ಎಂದರೆ ಹೂಂ, ಊಹೂಂ ಎಂದರೆ ಊಹೂಂ.

ಮಹೇಂದ್ರ ಕುಕ್ಕರುಗಾಲಲ್ಲಿ ಕೂತು ಚಕ್ರ ನೋಡಿದ. ಮೊಳೆಯ ತಲೆಯನ್ನು ಬೆರಳಿನಿಂದ ಒತ್ತಿ ನೋಡಿದ.

"ಕಿತ್ತುಬಿಡು. ಹಂಗೇ ಓಡಿಸಿದ್ರೆ ಟೈರೇ ಹರಿದು ಹೋಗತೈತೆ."

ತಿಮ್ಮೇಶ ಇಕ್ಕಳ ತಂದು ಕಿತ್ತ. ಬುಸ್ಸೆಂದು ಗಾಳಿ ಹೋಗಿ, ನೋಡನೋಡುತ್ತಲೇ ಚಕ್ರ ಕುಸಿಯಿತು.

"ನೀನು ಪಂಕ್ಚರ್ ಹಾಕಿಸ್ಕೊಂಡು ಬಾ. ನಾನು ಮುಂದೆ ಹೋಗಿ ಸಾಹುಕಾರ್ರಿಗೆ ಒಂದು ಮಾತು ಹೇಳಿರ್ತೀನಿ" ಎಂದು ಮಹೇಂದ್ರ ತನ್ನ ಮನೆಯೊಳಗೆ ಹೋಗಿ ಬಂದು ಗಾಡಿ ಹತ್ತಿದ. ಇಂಥ ಭಾವ ಯಾರಿಗೆ ಸಿಗುತ್ತಾನೆ ಎಂದುಕೊಂಡ ನಮ್ಮ ಹುಚ್ಚಪ್ಪ.

ಗಾಡಿ ತಳ್ಳಿಕೊಂಡು, ಬೆವರಿಳಿಸಿಕೊಂಡು ಹೋದರೆ ಜಮಾಲ್ ಸಾಬರ ಪಂಕ್ಚರ್ ಅಂಗಡಿಗೆ ಬೀಗ. ಅವರು ಬಂದಾಗ ಒಂಬತ್ತೂವರೆ. ಅಷ್ಟರಲ್ಲಿ ಮೂರು ಸಲ ಫೋನ್ ಮಾಡಿದರೂ ಭಾವ ಎತ್ತಿರಲಿಲ್ಲ.

"ಮೊಳೆ ಎಲ್ಲಪ್ಪಾ?" ಎಂದರು ಜಮಾಲ್ ಸಾಬ್.

"ಮನೆ ಹತ್ರನೇ ಕಿತ್ತು ಹಾಕಿದ್ನಿ."

"ಯಾಕ ಕಿತ್ತೆ? ಇದು ಟ್ಯೂಬ್ ಇಲ್ಲದ ಟೈರು. ಮೊಳೆ ಇರೋತನಕ ಗಾಳಿ ಹೋಗಲ್ಲ. ಹಂಗೇ ಹರಿಹರಕ್ಕೆ ಹೋಗಿ ಬಂದು, ಸಂಜಿಗೆ ನನ್ನತ್ರ ತಂದಿದ್ರೂ ಆಗ್ತಿತ್ತು."

"ನಮ್ಮ ಭಾವ ಹೇಳಿದ್ರು. ಮಹೇಂದ್ರ ಅಂತ."

ಸಾಬರ ಕೈ ನಿಂತಿತು. "ನಮ್ಮ ಮಹೇಂದ್ರನಾ? ಎರಡು ವರ್ಷ ಇದೇ ಅಂಗಡಿಯಾಗೆ ಕೆಲಸ ಮಾಡಿದಾನೆ. ನಾನು ಅವನಿಗೆ ಕಲಿಸಿದ ಮೊದಲನೇ ಮಾತೇ ಇದು."

ಸಾಬರು ತೂತಿಗೆ ರಬ್ಬರ್ ಬತ್ತಿ ತೂರಿಸಿ ಗಾಳಿ ತುಂಬುವಷ್ಟರಲ್ಲಿ ತಿಮ್ಮೇಶನಿಗೆ ಎಲ್ಲ ಹೊಳೆಯಿತು. ಭಾವನಿಗೂ ಮೂರು ತಿಂಗಳಿಂದ ಕೆಲಸವಿರಲಿಲ್ಲ. ಸಾಹುಕಾರರ ಹೆಸರು, ಗೋದಾಮಿನ ದಾರಿ ಎಲ್ಲವನ್ನೂ ಅವನೆದುರು ಬಡಬಡಿಸಿದ್ದು ತಾನೇ. ಬಾಯಿಗೆ ಬಂದ ತುತ್ತನ್ನು ಮನೆಯವನೇ ಕಸಿದುಕೊಂಡಿದ್ದ.

ಆಗಲೇ ಅಕ್ಕನ ಫೋನ್ ಬಂತು.

"ತಿಮ್ಮಾ, ನಿಮ್ಮ ಭಾವಂಗೆ ಹರಿಹರದ ಕೆಲಸ ಆತಂತೆ. ನೀನು ಬರಲಿಲ್ಲ ಅಂತ ಸಾಹುಕಾರ್ರು ಇವರನ್ನೇ ಇಟ್ಕೊಂಡ್ರಂತೆ."

"ಅಕ್ಕಾ, ಮೊಳೆ ಕೀಳಿಸಿದ್ದು ಭಾವನೇ. ಕಿತ್ರೆ ಗಾಳಿ ಹೋಗತೈತೆ ಅಂತ ಗೊತ್ತಿದ್ದೂ ಕೀಳಿಸಿದ."

ಅತ್ತ ಕಡೆ ಕುಕ್ಕರ್ ಎರಡು ಸಲ ಕೂಗಿತು. ಅವಳು ಗಂಡನನ್ನು ಬೈಯಲಿ, ಇಲ್ಲ ಸುಳ್ಳು ಹೇಳಬೇಡವೆಂದು ತನ್ನನ್ನಾದರೂ ಬೈಯಲಿ ಎಂದು ತಿಮ್ಮೇಶ ಕಾದ.

"ನಿಂದೇನಪ್ಪಾ, ಒಂಟಿ ಜೀವ" ಎಂದಳು ಸುಧಾ ತಗ್ಗಿದ ದನಿಯಲ್ಲಿ. "ನಮಗೆ ಎರಡು ಮಕ್ಕಳು. ಹೊರಡೋ ಮುಂದೆ ಒಳಗೆ ಬಂದು ಎಲ್ಲಾ ಹೇಳಿದ್ರು. ನಾನೇ ಹೋಗ್ರಿ ಅಂದೆ."

ಭಾವನ ಮೇಲಿನ ಸಿಟ್ಟು ಅಲ್ಲೇ ಇಳಿದುಹೋಯಿತು. ಅವನೇನು, ಹೊರಗಿಂದ ಬಂದವನು. ತಿಮ್ಮೇಶ ಜಮಾಲ್ ಸಾಬರ ಅಂಗಡಿಯ ಕಟ್ಟೆಯ ಮೇಲೆ ಕೂತು, ರಸ್ತೆಯ ಜನ ನೋಡುತ್ತಿದ್ದರೂ ಲೆಕ್ಕಿಸದೆ ಬಿಕ್ಕಿ ಬಿಕ್ಕಿ ಅತ್ತ.