ಹಲ್ಲಿನ ಅಂಕಣ

ಹುತ್ತೂರು ಹೋಬಳಿಯಲ್ಲಿ ರೇಷ್ಮೆ ಹುಳ ಸಾಕುವವರು ಸಾವಿರ ಮಂದಿ ಇರಬಹುದು. ಆದರೆ ನಮ್ಮ ಅತ್ತಿಗೆ ಗಂಗಾಲಕ್ಷ್ಮಿಯ ಹುಳ ಕಟ್ಟಿದ ಗೂಡನ್ನು ನೆಲಕ್ಕೆ ಎಸೆದರೆ ಅದು ಪುಟಿದು ಮಾಳಿಗೆ ಹತ್ತುತ್ತಿತ್ತು. ಒಮ್ಮೆ ಹಾಗೆ ಪುಟಿದ ಗೂಡು ಪಕ್ಕದ ಮನೆಯ ಹೆಂಚು ಒಡೆದದ್ದನ್ನು ನಾನು ಈ ಎರಡು ಕಣ್ಣಿಂದ ನೋಡಿದ್ದೇನೆ. ನಂಬದವರು ಬಂದು ಹೆಂಚು ನೋಡಬಹುದು. ಇಂಥ ಹೆಂಗಸಿನ ಗಂಡನ ತಮ್ಮ ನಾನು, ಕದಿರೇಶ. ಸೊಪ್ಪು ಕೊಯ್ಯುವುದರಲ್ಲಿ ನನಗೆ ಸರಿಸಾಟಿ ಜಿಲ್ಲೆಯಲ್ಲೇ ಇಲ್ಲ. ಕೊಯ್ಯದೆ ತಪ್ಪಿಸಿಕೊಳ್ಳುವುದರಲ್ಲಂತೂ ರಾಜ್ಯದಲ್ಲೇ ಇಲ್ಲ.

ಅತ್ತಿಗೆಗೆ ಮುಂದಿನ ಎರಡು ಹಲ್ಲಿರಲಿಲ್ಲ. ಆರು ವರ್ಷದ ಹಿಂದೆ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬದುವಿನ ಮೇಲೆ ಬರುವಾಗ ಜಾರಿ ಬಿದ್ದರು. ಹೊರೆ ಆನೆಮರಿಯಷ್ಟಿತ್ತು. ಸೊಪ್ಪಿನ ಒಂದು ಎಲೆಯೂ ಮಣ್ಣಾಗಲಿಲ್ಲ, ಹಲ್ಲು ಮಾತ್ರ ಹೋದವು. ಅವತ್ತಿನಿಂದ ಮಾತಾಡುವಾಗ, ನಗುವಾಗ, ಕೊನೆಗೆ ಆಕಳಿಸುವಾಗಲೂ ಸೆರಗು ಬಾಯಿಗೆ ಬರುತ್ತಿತ್ತು. ಪ್ರತಿ ಬೆಳೆಯ ಗೂಡು ಮಾರಿದಾಗಲೂ "ಈ ಸಲ ಹಲ್ಲು ಕಟ್ಟಿಸ್ಕೊಳ್ತೀನಿ" ಎನ್ನುವರು. ಒಂದು ಸಲ ಬೋರ್‌ವೆಲ್ ಮೋಟ್ರು ಸುಡುತ್ತಿತ್ತು, ಇನ್ನೊಂದು ಸಲ ನಾದಿನಿಯ ಸೀಮಂತ ಬರುತ್ತಿತ್ತು. ನಮ್ಮಮ್ಮ ಮುತ್ಯಾಲಮ್ಮನ ಬಳಿ ಇದಕ್ಕೆಲ್ಲ ಒಂದೇ ತೀರ್ಪಿತ್ತು.

"ಮುದ್ದೆ ನುಂಗೋಕೆ ಹಲ್ಲ್ಯಾಕೆ ಗಂಗಾ? ನಮ್ಮ ಕಡೆ ಮುದ್ದೆ ಅಗಿದೋರ್ನ ಯಾರಾದ್ರೂ ಕಂಡಿದ್ಯಾ?"

ಎಲ್ಲರೂ ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಾನು. ನನ್ನ ನಗು ಕೋಲಾರದ ಬೆಟ್ಟಕ್ಕೆ ತಾಗಿ ವಾಪಸ್ ಬರುವಂಥದ್ದು. ಅತ್ತಿಗೆಯೂ ಸೆರಗಿನೊಳಗೆ ನಗುತ್ತಿದ್ದರು.

ಈ ಬೇಸಿಗೆಯಲ್ಲಿ ಕೋಲಾರದ ಹಲ್ಲಿನ ಡಾಕ್ಟರಮ್ಮ ಬಾಯಿ ನೋಡಿ ಹೇಳಿದ್ದು ಬೇರೆ ಮಾತು. ಜೊತೆಗೆ ಹೋಗಿದ್ದವನು ನಾನೇ. "ಪಕ್ಕದ ಹಲ್ಲುಗಳೇ ಆಸರೆ. ಅವಕ್ಕೆ ಸೇರಿಸಿ ಹೊಸ ಹಲ್ಲು ಕಟ್ಟಬೇಕು. ಅವೂ ಈಗ ಅಲ್ಲಾಡ್ತಾ ಇದಾವೆ. ಇನ್ನೊಂದು ತಿಂಗಳಲ್ಲಿ ಬನ್ನಿ. ತಡ ಮಾಡಿದ್ರೆ ಆಸರೆನೂ ಹೋಗತ್ತೆ, ಆಮೇಲೆ ಪೂರ್ತಿ ಸೆಟ್ಟೇ ಗತಿ." ಅತ್ತಿಗೆಗೆ ನಲವತ್ತೂ ತುಂಬಿಲ್ಲ. ಪೂರ್ತಿ ಸೆಟ್ಟು ಎಂದರೆ ರಾತ್ರಿ ಬಿಚ್ಚಿ ಲೋಟದಲ್ಲಿ ಇಡುವಂಥದ್ದು. ಊರಲ್ಲಿ ಬಸ್ಸಿಳಿಯುವಾಗ ಹೇಳಿದರು:

"ಈ ಬೆಳೇಲಿ ನಂದು ಆಗ್ಲೇಬೇಕು ಕಣೋ ಕದಿರೇಶ."

ಆದರೆ ಮನೆಗೆ ಬಂದರೆ ಅವರದೊಂದೇ ಅಲ್ಲವಲ್ಲ. ಮಗಳು ಶಿವಾನಿಗೆ ಲ್ಯಾಬ್ ಕೋರ್ಸಿನ ಫೀಸು. ನಮ್ಮಣ್ಣ ಸುರೇಶ್ ಮಾಲೂರು ಕಡೆ ಕಂಪನಿಯೊಂದರ ಗೇಟಿನಲ್ಲಿ ಸೆಕ್ಯುರಿಟಿ. ಅವನು ಯಾರ ಮಾತೋ ಕೇಳಿ ಸೇರಿದ್ದ ಚೀಟಿಯ ಕಂತು. ಅಮ್ಮನ ಮಂಡಿಗೆ ಇಂಜೆಕ್ಷನ್ನು. ಕೊನೆಯದಾಗಿ ನನ್ನ ಗೂಡ್ಸ್ ಆಟೋದ ಮುಂಗಡ. ಆ ಆಟೋ ಬಂದರೆ ಶಿವಾರಪಟ್ಟಣದ ಶಿಲ್ಪಿಗಳು ಕೆತ್ತಿದ ಕಲ್ಲಿನ ದೇವರನ್ನೆಲ್ಲ ನಾನೊಬ್ಬನೇ ಭಾರತದ ಮೂಲೆಮೂಲೆಗೆ ಸಾಗಿಸುವವನಿದ್ದೆ. ದೇವರುಗಳು ನನ್ನ ಗಾಡಿ ಬಿಟ್ಟು ಬೇರೆ ಗಾಡಿ ಹತ್ತುತ್ತಿರಲಿಲ್ಲ.

ಯಾವುದು ಮೊದಲು ಎಂದು ಅತ್ತಿಗೆ ಯಾರನ್ನೂ ಕೇಳಲಿಲ್ಲ. ಅದನ್ನು ಕೇಳಬೇಕಾಗಿ ಬರದ ಹಾಗೆ ಒಂದು ದಾರಿ ಹುಡುಕಿದರು. ಚಾಕಿ ಸೆಂಟರಿಗೆ, ಅಂದರೆ ಮರಿಹುಳ ಸಾಕಿ ಮಾರುವ ಚಂದ್ರುವಿನ ಹತ್ತಿರ ಹೋಗಿ, ಯಾವಾಗಲೂ ತರುವುದರ ಎರಡರಷ್ಟು ಹುಳ ಕೇಳಿದರು.

"ಅಕ್ಕಾ, ನಿಮ್ ತೋಟದ ಸೊಪ್ಪಿಗೆ ಅಷ್ಟು ಹುಳ ಆಗಲ್ಲ," ಎಂದ ಚಂದ್ರು.

"ಮುನಿಕೃಷ್ಣಪ್ಪನ ತೋಟ ಮಾತಾಡಿದೀನಿ. ಕೊನೇ ವಾರಕ್ಕೆ ಅವರ ಸೊಪ್ಪು ತಗೋತೀನಿ."

"ಬೇಸ್ಗೆ ಅಕ್ಕಾ. ಯೋಚ್ನೆ ಮಾಡಿ."

"ಯೋಚ್ನೆ ಮಾಡೇ ಬಂದಿರೋದು. ಎಲ್ಲಾರದೂ ಆಗ್ಬೇಕು, ನಂದೂ ಆಗ್ಬೇಕು. ಹಾಕು."

ನಮ್ಮ ಹುಳುಮನೆಯಲ್ಲಿ ಉದ್ದಕ್ಕೆ ಕಬ್ಬಿಣದ ಸ್ಟ್ಯಾಂಡು, ಒಂದರ ಮೇಲೊಂದು ಐದು ಅಂಕಣ. ಬಂಕ್ ಮಂಚದ ಹಾಗೆ ಎಂದುಕೊಳ್ಳಿ, ಆದರೆ ರೈಲಿನಷ್ಟು ಉದ್ದ. ಮರಿಹುಳ ತಂದ ದಿನ ಅಮ್ಮ ಒಂದೊಂದು ಅಂಕಣದ ಕಂಬಿಗೂ ಅರಿಶಿನ ಕುಂಕುಮ ಹಚ್ಚಿ ಹೆಸರಿಟ್ಟಳು. ಎಮ್ಮೆಗೆ, ಬೋರ್‌ವೆಲ್ಲಿಗೆ, ಸಿಕ್ಕಿದ್ದಕ್ಕೆಲ್ಲ ಹೆಸರಿಡುವ ಚಾಳಿ ಅವಳದ್ದು. "ಇದು ಶಿವಾನಿ ಅಂಕಣ. ಇದು ಚೀಟಿ. ಇದು ನನ್ ಮಂಡಿ. ಮೇಲಿಂದು ಕದಿರೇಶನ ಆಟೋ." ತೀರ ಕೆಳಗಿನದು ಉಳಿಯಿತು. ಅಲ್ಲಿ ಇರುವೆ ಹತ್ತುತ್ತದೆ, ಬಗ್ಗಿ ಸೊಪ್ಪು ಹಾಕುವವರ ಸೊಂಟ ಹೋಗುತ್ತದೆ. "ಅದು ನಿನ್ ಹಲ್ಲು ಗಂಗಾ." ಅತ್ತಿಗೆ ಬಗ್ಗಿ ಆ ಕಂಬಿಗೆ ತಾವೇ ಕುಂಕುಮ ಹಚ್ಚಿದರು.

ಹುಳ ಬೆಳೆದವು. ಹೇಗೆ ಬೆಳೆದವು! ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಕಳಚುವ ನಿದ್ದೆ, ಬಿಟ್ಟೆದ್ದಾಗ ಒಂದೊಂದೂ ನನ್ನ ಹೆಬ್ಬೆರಳಿನ ಗಾತ್ರ. ಅವು ಮೇಯುವ ಸದ್ದಿಗೆ ಊರಿನ ನಾಯಿಗಳು ನಮ್ಮ ಬೀದಿಗೆ ಬರುವುದನ್ನೇ ಬಿಟ್ಟವು. ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು ಕೆಳಗಿನ ಹಲ್ಲಿನ ಅಂಕಣ. ಕೆಳಗೆ ತಂಪು ಎಂದು ಚಂದ್ರು ಹೇಳುತ್ತಿದ್ದ. ಅಮ್ಮ ಮಾತ್ರ, "ಒಳ್ಳೊಳ್ಳೆ ಸೊಪ್ಪು ಎಲ್ಲಿಗೆ ಹೋಗ್ತೈತೋ ನಂಗೊತ್ತಿಲ್ವಾ" ಎಂದು ಗೊಣಗುತ್ತಿದ್ದಳು.

ಹುಳ ಜೀವಮಾನದಲ್ಲಿ ತಿನ್ನುವುದನ್ನೆಲ್ಲ ಆ ಕೊನೆಯ ವಾರದಲ್ಲೇ ತಿನ್ನುವುದು. ನಮ್ಮ ತೋಟ ಎರಡೇ ದಿನಕ್ಕೆ ಬೋಳಾಯಿತು. ಮಾರನೆ ಬೆಳಗ್ಗೆ ಮುನಿಕೃಷ್ಣಪ್ಪನ ತೋಟಕ್ಕೆ ಕುಡುಗೋಲು ಹಿಡಿದು ಹೋದರೆ, ಮುಖಕ್ಕೆ ಔಷಧಿಯ ವಾಸನೆ ರಾಚಿತು. ಬದುವಿನಾಚೆಯ ಟೊಮೊಟೊಗೆ ಹಿಂದಿನ ದಿನ ಹುಳದ ಔಷಧಿ ಹೊಡೆದಿದ್ದರು. ಗಾಳಿ ಈ ಕಡೆಗಿತ್ತು. ಟೊಮೊಟೊ ಹುಳಕ್ಕೆ ಹೊಡೆದ ಔಷಧಿಗೆ ನಮ್ಮ ಹುಳ ಬೇರೆ ಎಂದು ಗೊತ್ತೇ? ಆ ಸೊಪ್ಪು ಮುಟ್ಟುವಂತಿರಲಿಲ್ಲ. ಮುನಿಕೃಷ್ಣಪ್ಪ ತಲೆ ಮೇಲೆ ಕೈಹೊತ್ತು ಬದುವಿನ ಮೇಲೆ ಕೂತಿದ್ದ.

ಅವತ್ತು ನಾನು ಬೈಕಿನಲ್ಲಿ ಶ್ರೀನಿವಾಸಪುರ ಮುಟ್ಟಿ, ಮುಳಬಾಗಿಲು ಸುತ್ತಿ, ಆಂಧ್ರದ ಗಡಿ ದಾಟಿ, ತೆಲುಗಿನಲ್ಲಿ ಬೇಡಿ, ಕನ್ನಡದಲ್ಲಿ ಬೈದು, ಬಿಸಿಲಿಗೆ ಬೈಕಿನ ಸೀಟು ಕರಗಿ ಪ್ಯಾಂಟಿಗೆ ಅಂಟಿದರೂ ಬಿಡದೆ ಹುಡುಕಿದೆ. ಸೊಪ್ಪಿದ್ದವರಿಗೆ ಹುಳವೂ ಇತ್ತು. ಕೊಟ್ಟವರು ಎರಡು ಹೊರೆ ಕೊಟ್ಟರು, ಬಂಗಾರದಂಗಡಿಯ ಬೆಲೆಗೆ. ವಾಪಸ್ ಬಂದಾಗ ಚಂದ್ರು ಹುಳುಮನೆ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ನಿಂತಿದ್ದ. ಹಸಿದ ಹುಳಗಳು ತಲೆ ಎತ್ತಿ, ಗಾಳಿಯಲ್ಲಿ ಆ ಕಡೆ ಈ ಕಡೆ ಆಡಿಸುತ್ತಾ ಅಂಚಿನ ಕಡೆ ಹರಿಯುತ್ತಿದ್ದವು.

"ಅಕ್ಕಾ, ಇರೋ ಸೊಪ್ಪು ಎರಡು ಅಂಕಣಕ್ಕೆ ಸರಿಹೋಗತ್ತೆ. ಯಾವುದಾದ್ರೂ ಎರಡು ಇಟ್ಕೊಳ್ಳಿ. ಮೂರು ಎತ್ತಿ ತಿಪ್ಪೆಗೆ ಹಾಕಿ. ಇವತ್ತೇ. ನಾಳೆಗೆ ಬಿಟ್ರೆ ಎರಡೂ ಉಳಿಯಲ್ಲ."

ಹುಳ ಹುಳವೇ ಅಲ್ಲವೇ, ಯಾವ ಮೂರಾದರೇನು ಎಂದು ನೀವು ಕೇಳಬಹುದು. ಆದರೆ ಅಮ್ಮ ಹೆಸರಿಟ್ಟಾಗಿತ್ತಲ್ಲ. ಹುಳುಮನೆಯ ಮುಂದಿನ ಜಗಲಿಯ ಮೇಲೆ ಸಭೆ ಕೂತಿತು. ಸುರೇಶಣ್ಣನನ್ನು ಫೋನಿನ ಸ್ಪೀಕರಿನಲ್ಲಿ ಕೂರಿಸಿದೆವು.

"ಯಾವುದು ಬೇಕಾದ್ರೂ ತೆಗೀರಿ," ಎಂದಿತು ಫೋನು, "ಚೀಟಿ ಮಾತ್ರ ಮುಟ್ಬೇಡಿ. ಅಲ್ಲಿ ಮರ್ಯಾದೆ ಪ್ರಶ್ನೆ."

"ಏಮಿರಾ ಸುರೇಶಾ, ಹಂಗಾದ್ರೆ ನನ್ ಮಂಡಿ ತಿಪ್ಪೆಗೆ ಹಾಕ್ತೀರಾ?" ಅಮ್ಮ ಕೂತಲ್ಲೇ ಮಂಡಿ ಹಿಡಿದುಕೊಂಡಳು. "ಹಾಕ್ರಪ್ಪಾ, ಹಾಕಿ. ತೆವಳ್ಕೊಂಡು ಹೋಗ್ತೀನಿ. ಹುಳಾನೂ ತೆವಳೋದೇ, ನಾನೂ ತೆವಳ್ತೀನಿ."

"ಅಜ್ಜಿ, ನಂದು ಫೀಸು..." ಎಂದ ಶಿವಾನಿ ಅಲ್ಲಿಗೇ ನಿಲ್ಲಿಸಿ, ಉಗುರು ಕಚ್ಚುತ್ತಾ ಅವಳಮ್ಮನ ಮುಖ ನೋಡಿದಳು.

ನಾನು ಎದ್ದು ನಿಂತು ಮಾತಾಡಿದೆ. ವಿಧಾನಸೌಧದಲ್ಲಿ ಆ ಮಾತು ಆಡಿದ್ದರೆ ಸರ್ಕಾರ ಬೀಳುತ್ತಿತ್ತು. ಆಟೋ ಬಂದರೆ ಚೀಟಿ, ಮಂಡಿ, ಫೀಸು ಎಲ್ಲಕ್ಕೂ ಅದೇ ದುಡಿದು ಹಾಕುತ್ತದೆ, ಆದ್ದರಿಂದ ಆಟೋ ಅಂಕಣ ಅಂದರೆ ಬರೀ ನನ್ನದಲ್ಲ, ಎಲ್ಲರದ್ದೂ ಎಂದು ಸಾಧಿಸಿದೆ. ಫೋನು ಕೂಡ "ಹೌದಲ್ವಾ" ಎಂದಿತು.

ಹಾಗೆ ಯಾರೂ ಬಾಯಿಬಿಟ್ಟು ಹೇಳದೆಯೇ ತಿಪ್ಪೆಗೆ ಹಾಕಲು ಒಂದು ಅಂಕಣ ಉಳಿಯಿತು. ಎಲ್ಲರೂ ಅತ್ತಿಗೆಯ ಕಡೆ ನೋಡದೆ ಬೇರೆ ಕಡೆ ನೋಡತೊಡಗಿದ್ದರಿಂದ ಅದು ಅವರಿಗೇ ಗೊತ್ತಾಯಿತು.

"ನಂದು ತೆಗೀತೀನಿ ಬಿಡಿ," ಎಂದರು.

"ಹಂಗಂತ ಬಿಡಲ್ಲ ಕಣೇ," ಎಂದಿತು ಫೋನು. "ಗೂಡು ಮಾರಿದ್ಮೇಲೆ ಎಲ್ಲಾರ ಪಾಲಲ್ಲೂ ಚೂರು ಚೂರು ತೆಗೆದು ನಿನ್ ಹಲ್ಲು ಕಟ್ಸೋಣ."

ಅತ್ತಿಗೆ ಬಗ್ಗಿ ಕೆಳಗಿನ ಅಂಕಣದ ಹುಳವನ್ನು ಮಂಕರಿಗೆ ತುಂಬಿದರು. ಮನೆಯಲ್ಲೇ ಅತ್ಯಂತ ಚೆನ್ನಾಗಿ ಬೆಳೆದ ಹುಳ. ಮೈ ತಣ್ಣಗೆ, ಹಾಲಿನ ಬಣ್ಣ. ಕೆಲವು ಅವರ ಬೆರಳನ್ನೇ ಕಡ್ಡಿ ಎಂದುಕೊಂಡು ಹಿಡಿದುಕೊಂಡಿದ್ದವು. ಒಂದೊಂದನ್ನೇ ಬಿಡಿಸಿ ಹಾಕಿದರು. ತಿಪ್ಪೆಗೆ ಸುರಿದಾಗ ಏಳೂರಿನ ಕೋಳಿಗಳು ಬಂದು ಬಿದ್ದವು. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಮಾಡಿದ್ದರೂ ಇಲ್ಲಿ ಕಡಿಮೆಯೇ.

"ಇನ್ನೂ ಎರಡು ತೆಗೀಬೇಕು ಅಕ್ಕಾ," ಎಂದ ಚಂದ್ರು. "ಒಂದರಿಂದ ಏನೂ ಆಗಲ್ಲ."

ಅತ್ತಿಗೆ ಉಳಿದ ನಾಲ್ಕು ಅಂಕಣದ ಮುಂದೆ ನಿಂತರು. ಶಿವಾನಿ ಅಂಕಣದ ಕಂಬಿ ಮುಟ್ಟಿ ಕೈ ತೆಗೆದರು. ಮಂಡಿಯ ಅಂಕಣದ ಕಡೆ ನೋಡಿದರು. ಅಮ್ಮ ಅಲ್ಲೇ ಬಾಗಿಲಲ್ಲಿ ಕೋಲೂರಿ ನಿಂತಿದ್ದಳು. ಚೀಟಿಯ ಅಂಕಣದ ಕಡೆ ತಿರುಗಿದರೆ, ಜಗಲಿಯ ಮೇಲೆ ಫೋನು ಇನ್ನೂ ಕಟ್ ಆಗಿರಲಿಲ್ಲ. ನನ್ನ ಅಂಕಣ ಎತ್ತರದಲ್ಲಿತ್ತು, ಅವರ ಕೈಗೆಟುಕುತ್ತಿರಲಿಲ್ಲ. ಏಣಿ ನಾನು ಹಿಡಿಯಬೇಕಿತ್ತು. ನನಗೆ ಆ ಹೊತ್ತಿಗೆ ಬೈಕಿನ ಚೈನು ನೋಡುವ ಕೆಲಸ ಬಿತ್ತು.

ಕೊನೆಗೆ ಅತ್ತಿಗೆ ಸೊಪ್ಪನ್ನು ನೆಲದ ಮೇಲೆ ಹರಡಿ ನಾಲ್ಕು ಸಮಪಾಲು ಮಾಡಿದರು. ಒಂದು ಕಡ್ಡಿ ಹೆಚ್ಚಾದರೆ ಆ ಕಡೆಯಿಂದ ತೆಗೆದು ಈ ಕಡೆಗೆ ಇಟ್ಟರು. ಅಂಥ ನ್ಯಾಯದ ಹಂಚಿಕೆ ಯಾವ ಕೋರ್ಟಿನಲ್ಲೂ ಆಗಿಲ್ಲ.

"ಅಕ್ಕಾ, ಹಿಂಗೆ ಹಂಚಿದ್ರೆ ನಾಲ್ಕೂ ಹೋಗ್ತವೆ," ಎಂದ ಚಂದ್ರು.

"ಯಾವುದನ್ನ ಸಾಯಿಸ್ಲಿ, ನೀನೇ ಹೇಳು ಮತ್ತೆ."

ಚಂದ್ರು ಚಪ್ಪಲಿ ಹಾಕಿಕೊಂಡು ಹೋದ.

ಹುಳ ಸಾಯಲಿಲ್ಲ. ಸತ್ತಿದ್ದರೆ ಒಂದು ದಿನದ ದುಃಖ. ಅರೆಹೊಟ್ಟೆಯಲ್ಲೇ ಇದ್ದವು, ತಡವಾಗಿ ಹಣ್ಣಾಗಿ ಮೇವು ಬಿಟ್ಟವು, ಗೂಡು ಕಟ್ಟುವ ತಟ್ಟೆಗೆ, ಅಂದರೆ ಚಂದ್ರಿಕೆಗೆ ಬಿಟ್ಟಾಗ ಗೂಡೂ ಕಟ್ಟಿದವು. ದೂರದಿಂದ ನೋಡಿದರೆ ಬಿದಿರಿನ ಚಂದ್ರಿಕೆಯ ತುಂಬಾ ಗೂಡೇ ಗೂಡು. ಅಮ್ಮ ದೃಷ್ಟಿ ತೆಗೆದಳು. ಶಿವಾನಿ ಫೋಟೋ ತೆಗೆದು ಅವಳಪ್ಪನಿಗೆ ಕಳಿಸಿದಳು. ಅತ್ತಿಗೆ ಮಾತ್ರ ಒಂದು ಗೂಡನ್ನು ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಒತ್ತಿದರು. ಈರುಳ್ಳಿ ಸಿಪ್ಪೆಯ ಹಾಗೆ ಒಳಗೆ ಹೋಯಿತು.

ಕೋಲಾರದ ಗೂಡಿನ ಮಾರುಕಟ್ಟೆಗೆ ನಾವಿಬ್ಬರೇ ಹೋದೆವು. ಜಾಲರಿಯಲ್ಲಿ ಸುರಿದೆವು. ನೂಲು ತೆಗೆಯುವವರು ಒಬ್ಬೊಬ್ಬರೇ ಬಂದು ಹಿಡಿ ಎತ್ತಿ, ಒತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ಮುಂದೆ ಹೋದರು. ಅವರಲ್ಲಿ ಅತ್ತಿಗೆಯ ಗೂಡಿಗೆ ಯಾವಾಗಲೂ ಕಾಯುತ್ತಿದ್ದ ಮುದುಕರೊಬ್ಬರು ನಿಂತರು.

"ಏನಮ್ಮಾ ಗಂಗಮ್ಮಾ, ನಿಮ್ ಗೂಡಾ ಇದು?"

ಅತ್ತಿಗೆ ಸೆರಗು ಬಾಯಿಗಿಟ್ಟು ತಲೆ ಆಡಿಸಿದರು.

"ಜಿಲ್ಲಿ ಬಂದ್ಬಿಟ್ಟೈತಲ್ಲಮ್ಮಾ. ಎಲ್ಲಾ ತೆಳು. ಬಿಚ್ಚಿದ್ರೆ ಎಳೇನೇ ನಿಲ್ಲಲ್ಲ." ಹಿಡಿದಿದ್ದ ಗೂಡನ್ನು ಒಡೆಯದ ಹಾಗೆ ಮೆಲ್ಲಗೆ ವಾಪಸ್ ಇಟ್ಟು ಹೋದರು.

ಮಧ್ಯಾಹ್ನ ಕಳೆದ ಮೇಲೆ ಕಸದ ರೇಷ್ಮೆ ಕೊಳ್ಳುವವನೊಬ್ಬ ಎಲ್ಲವನ್ನೂ ಒಟ್ಟಿಗೆ ಚೀಲಕ್ಕೆ ತುಂಬಿಸಿಕೊಂಡ. ಬಂದ ಹಣ ಮರಿಹುಳದ ಬಾಕಿಗೂ, ನಾನು ತಂದ ಎರಡು ಹೊರೆ ಸೊಪ್ಪಿಗೂ ಸರಿಹೋಯಿತು. ಚೀಟಿಗಿಲ್ಲ, ಫೀಸಿಗಿಲ್ಲ, ಮಂಡಿಗಿಲ್ಲ. ಆಟೋದ ವಿಷಯ ನಾನೇ ಎತ್ತಲಿಲ್ಲ.

ಬಸ್ ಸ್ಟ್ಯಾಂಡಿಗೆ ನಡೆಯುವಾಗ ದಂತ ವೈದ್ಯರ ಬೋರ್ಡು ದಾರಿಯಲ್ಲೇ ಬರುತ್ತದೆ. ಅತ್ತಿಗೆ ತಲೆ ಎತ್ತಲಿಲ್ಲ. ನಾನು ಏನಾದರೂ ಹೇಳಬೇಕೆಂದು, "ಮುಂದಿನ ಬೆಳೇಲಿ ನೋಡಿ ಅತ್ತಿಗೆ, ಗೂಡು ತೆಂಗಿನಕಾಯಿ ಗಾತ್ರ ಬರ್ತೈತೆ" ಎಂದೆ.

"ಹೂಂ," ಎಂದರು.

ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬಸ್ ಹತ್ತಿ ಕೂತ ಮೇಲೆ ಕಿಟಕಿಯಿಂದ ಉಪ್ಪುಖಾರ ಹಚ್ಚಿದ ಸೌತೆಕಾಯಿ ಕೊಡಿಸಿದೆ. ಅತ್ತಿಗೆ ಬೇಡವೆಂದರು, ಆಮೇಲೆ ತೆಗೆದುಕೊಂಡರು. ಬಾಯಿಯ ಪಕ್ಕಕ್ಕೆ ಸರಿಸಿ ಕಚ್ಚಿದರು. ಕಚ್ಚಿದವರ ದವಡೆ ಹಾಗೇ ನಿಂತುಬಿಟ್ಟಿತು. ಸೌತೆಕಾಯಿಯನ್ನು ಮೆಲ್ಲಗೆ ಬಾಯಿಂದ ತೆಗೆದರು. ಅದರ ಬಿಳಿ ತಿರುಳಿನಲ್ಲಿ ಆಸರೆಯ ಹಲ್ಲೊಂದು ನಾಟಿಕೊಂಡಿತ್ತು, ಸುತ್ತ ಸ್ವಲ್ಪ ಕೆಂಪು.

ನಾನು ಏನನ್ನಾದರೂ ದೊಡ್ಡದು ಮಾಡಿ ಹೇಳಬಲ್ಲೆ. ಆ ಹಲ್ಲು ಸಣ್ಣದು. ಅಕ್ಕಿಕಾಳಿಗಿಂತ ಚೂರು ದೊಡ್ಡದು, ಅಷ್ಟೇ.

ಅತ್ತಿಗೆ ಅದನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ನೋಡಿದರು. ನಾಲಿಗೆಯಿಂದ ಖಾಲಿ ಜಾಗ ಮುಟ್ಟಿ ನೋಡಿಕೊಂಡರು. ಕಿಟಕಿಯಿಂದ ಕೈ ಹೊರಗೆ ಚಾಚಿ ಬಿಟ್ಟರು. ಸೌತೆಕಾಯಿ ನನ್ನ ಕೈಗೆ ಕೊಟ್ಟರು.

"ನೀನು ತಿನ್ನು ಕದಿರೇಶ. ನಿಂಗೆ ಹಲ್ಲೈತಲ್ಲ."

ಬಸ್ಸು ಹೊರಟಿತು. ನಾನದನ್ನು ತಿನ್ನಲಿಲ್ಲ, ಎಸೆಯಲೂ ಆಗಲಿಲ್ಲ. ಊರು ಬರುವವರೆಗೂ ಹಿಡಿದುಕೊಂಡೇ ಕೂತಿದ್ದೆ, ಉಪ್ಪುಖಾರದ ನೀರು ಮೊಣಕೈಗೆ ಇಳಿಯುತ್ತಿತ್ತು.