ಚುಚ್ಚದ ನಾಲ್ಕು ಚೀಲ

"ಇನ್ನಷ್ಟು ಚೂಪ ಮಾಡೋ ಮೋನಪ್ಪ. ಚೀಲದ ತಳದಾಗ ಅಡಗಿದ ಸುಳ್ಳು ಕೈಗೆ ಬರಬೇಕು ನೋಡು."

ನಾನು ಹುಟ್ಟುವಾಗ ಕಿವಿಗೆ ಬಿದ್ದ ಮೊದಲ ಮಾತು ಇದು. ಆಡಿದವನು ಗದಗಿನ ಕಾಳಿನ ದಲಾಲಿ ಅಡಿವೆಪ್ಪ. ನನ್ನನ್ನು ಬಡಿಯುತ್ತಿದ್ದ ಕಮ್ಮಾರ ಮೋನಪ್ಪ ನಕ್ಕು, "ನಿಮ್ಮ ಮನಸ್ಸಿನಷ್ಟು ಚೂಪು ನನ್ನ ಕಬ್ಬಿಣ ಆಗೂದಿಲ್ಲ ಸಾವ್ಕಾರ್ರ" ಎಂದ.

ನಾನು ಒಂದು ಪರಖಿ. ಗೇಣುದ್ದದ ಕಬ್ಬಿಣದ ಕೊಳವೆ. ಮೂತಿ ಚೂಪು, ಬೆನ್ನು ಸೀಳು. ಚೀಲದ ಹೊಟ್ಟೆಗೆ ಚುಚ್ಚಿ ಎಳೆದರೆ ಒಳಗಿನ ಒಂದಿಷ್ಟು ಕಾಳು ನನ್ನ ಬೆನ್ನೇರಿ ಹೊರಗೆ ಬರುತ್ತದೆ. ಚೀಲದ ಬಾಯಿ ಬಿಚ್ಚುವ ಗೋಜೇ ಇಲ್ಲ.

ಅಡಿವೆಪ್ಪ ನನ್ನನ್ನು ಒಂದು ದಿನವೂ ಸುಮ್ಮನೆ ಇಟ್ಟವನಲ್ಲ. ಮಗಳ ಮದುವೆಗೆಂದು ಬೀಗರು ಕಳಿಸಿದ ಅಕ್ಕಿ ಚೀಲಕ್ಕೂ ಚುಚ್ಚಿದ. "ಬೀಗತಿ ನೋಡಿದ್ರ ಏನಂದಾಳ್ರೀ, ನಿಮ್ಮ ಕೈ ಸೇದ್ಹೋಗ!" ಎಂದು ಹೆಂಡತಿ ಬೈಯುತ್ತಿರುವಾಗಲೇ ನನ್ನ ಬೆನ್ನ ಮೇಲೆ ಬರೀ ನುಚ್ಚು ಬಂತು. ಅವನು ಗೆದ್ದವನ ಹಾಗೆ ಅವಳ ಮುಖ ನೋಡಿದ. ಅಂಥ ಕೈಯಲ್ಲಿ ಬೆಳೆದವನು ನಾನು. ಮೇಲೆ ಚಂದ, ತಳದಲ್ಲಿ ಮೋಸ, ಲೋಕ ಎಂದರೆ ಇಷ್ಟೇ ಎಂದುಕೊಂಡಿದ್ದೆ.

ವಯಸ್ಸಾಗಿ ಅಡಿವೆಪ್ಪ ಅಂಗಡಿ ಮುಚ್ಚಿದಾಗ ಎರಡು ಜರಡಿಯ ಜತೆ ನನ್ನನ್ನು ಮಾಬೂಬಿ ಕೊಂಡಳು. ಅವಳದು ಅಂಗಡಿ ಇಲ್ಲದ ವ್ಯಾಪಾರ. ಊರೂರು ತಿರುಗಿ ಕಣದಲ್ಲೇ ಕಡಲೆ ಹಿಡಿಯುವುದು, ಬೇಳೆ ಮಿಲ್ಲಿಗೆ ಹಾಕುವುದು, ಮಿಲ್ಲಿನವರು ದುಡ್ಡು ಕೊಟ್ಟ ಮೇಲೆ ರೈತರಿಗೆ ತಂದು ಕೊಡುವುದು. ಅಲ್ಲಿಯವರೆಗೆ ಎಲ್ಲ ಉದ್ದರಿ, ಬರೀ ಬಾಯಿಮಾತು.

ಆ ಸೀಮೆಯಲ್ಲಿ ಒಂದು ಕಟ್ಟಳೆ ಇತ್ತು. ನಗದು ಕೊಡುವವರು ಚೀಲಕ್ಕೆ ಬೇಕಾದಷ್ಟು ಸಲ ಪರಖಿ ಹಾಕಬಹುದು. ಉದ್ದರಿ ಒಯ್ಯುವವರು ಹಾಕುವಂತಿಲ್ಲ. 'ನನ್ನ ಮಾತು ನಂಬು' ಎಂದು ಕೇಳುವವರು ಎದುರಿನವರ ಚೀಲವನ್ನೂ ನಂಬಬೇಕಲ್ಲ! ಹೀಗಾಗಿ ಮಾಬೂಬಿಯ ಕೈಚೀಲದಲ್ಲಿ ನನಗೆ ನಿದ್ದೆಯೇ ಹೆಚ್ಚು.

ಒಂದು ಮಾಘಮಾಸದಲ್ಲಿ ಕರೇಕೊಪ್ಪದ ನೀಲವ್ವನ ಅಂಗಳದಲ್ಲಿ ಹನ್ನೊಂದು ಚೀಲ ಕಡಲೆ ಹೊಲಿದು ನಿಂತಿದ್ದವು. ನೀಲವ್ವ ಒಂಬತ್ತು ವರ್ಷದಿಂದ ಮಾಬೂಬಿಗೇ ಕೊಡುತ್ತಿದ್ದ ರೈತಗಿತ್ತಿ. ಅಷ್ಟೂ ಚೀಲ ನಾಳೆಯೇ ತರುತ್ತೇನೆಂದು ಮಾಬೂಬಿ ಮಿಲ್ಲಿಗೆ ಮಾತು ಕೊಟ್ಟು ಬಂದಿದ್ದಳು. ನೀಲವ್ವ ಚಾ ಕಾಸಲು ಒಳಗೆ ಹೋದಳು. ಚೀಲ ಹೇರಲು ಬಂದಿದ್ದ ಟಂಟಂ ಗಾಡಿಯ ದ್ಯಾಮಣ್ಣ ಬೀಡಿ ಹಚ್ಚಿ ಮೆಲ್ಲಗೆ ಶುರು ಮಾಡಿದ.

"ಅಕ್ಕಾ, ಈ ಸಲ ಈಕಿ ರೇಟಿಗೆ ಜಗಳಾನ ತಗೀಲಿಲ್ಲಲಾ?"

"ಮನಸ್ಸು ಚಲೋ ಐತಿ, ತಗೀಲಿಲ್ಲ."

"ಹೂಂ, ಮನಸ್ಸು! ಹ್ವಾದವಾರ ಮ್ಯಾಲಿನ ಓಣ್ಯಾಗ ಒಬ್ರ ಮಾಲು ಹೇರಿದ್ನಲ್ಲ, ತಳದಾಗ ಎಲ್ಲಾ ಹುಳಾ ಹತ್ತಿದ್ದ ಹಳೇ ಕಡ್ಲಿ. ಮಿಲ್ಲಿನವ್ರು ಮುಖಕ್ಕ ಉಗಳಿ ಕಳಿಸಿದ್ರು. ನನಗೇನ್ಬಿಡು, ನನಗ ಬಾಡಿಗಿ ಬಂದ್ರ ಸಾಕು."

ಮಾಬೂಬಿ ಒಳಬಾಗಿಲು ನೋಡಿದಳು. ಚೀಲ ನೋಡಿದಳು. ಅವಳ ಕೈ ನನ್ನ ಮೇಲೆ ಬಂತು.

ಮೊದಲ ಚೀಲದ ತಳಕ್ಕೆ ಇಳಿದೆ. ಹೊಸ ಕಡಲೆ, ಬಂಗಾರದ ಬಣ್ಣ. ಅಲ್ಲಿಗೆ ಸಾಕಾಗಬೇಕಿತ್ತು. ಆದರೆ ಅನುಮಾನಕ್ಕೆ ಒಳ್ಳೆಯ ಕಾಳೂ ಸಾಕ್ಷಿಯಾಗುವುದಿಲ್ಲ. 'ಇದೊಂದನ್ನ ಬೇಕಂತಲೇ ಮುಂದಿಟ್ಟಿದ್ದಾಳೆ' ಎನ್ನುತ್ತದೆ. ಎರಡನೆಯದು, ಮೂರನೆಯದು. ಚುಚ್ಚಿದ ಕಡೆಯೆಲ್ಲ ಸೆಣಬಿನ ಎಳೆಯನ್ನು ನನ್ನ ಮೂತಿಯಿಂದಲೇ ಕೆರೆದು ತೂತು ಮುಚ್ಚಿದಳು. ಏಳನೆಯ ಚೀಲದಲ್ಲಿ ನಾನಿರುವಾಗ ನೀಲವ್ವ ಚಾದ ಲೋಟ ಹಿಡಿದು ಹೊಸ್ತಿಲಲ್ಲಿ ನಿಂತಿದ್ದಳು.

"ಚಲೋ ಅದಾವೇನವಾ?"

"ಚಲೋ ಅದಾವು," ಎಂದಳು ಮಾಬೂಬಿ ನೆಲ ನೋಡುತ್ತ.

"ಹಂಗಾರ ರೊಕ್ಕಾ ಇಡು. ಚುಚ್ಚಿದ ಚೀಲ ನಗದಿನ ಚೀಲ."

"ಯವ್ವಾ, ನನ್ಹತ್ರ ಎಲ್ಲಿ ರೊಕ್ಕಾ? ಮಿಲ್ಲಿಗೆ ಮಾತು ಕೊಟ್ಟೀನಿ, ಮರ್ಯಾದಿ ಹೋಕ್ಕತಿ."

"ನಿನ್ನ ಮರ್ಯಾದಿ ಮಿಲ್ಲಿನಾಗ ಹೋಕ್ಕತಿ, ನಂದು ನನ್ನ ಅಂಗಳದಾಗ ಹೋತು. ಎಷ್ಟಕ್ಕ ಹಾಕಿದಿ?"

ನೀಲವ್ವ ನೋಡಿದ್ದು ಒಂದನ್ನು ಮಾತ್ರ. ಮಿಕ್ಕ ತೂತುಗಳನ್ನು ಹುಡುಕಿದರೂ ಸಿಗುವಂತಿರಲಿಲ್ಲ. ದ್ಯಾಮಣ್ಣ ಅವಳ ಕಣ್ಣು ತಪ್ಪಿಸಿ, 'ಒಂದು ಅನ್ನು' ಎಂಬಂತೆ ಒಂದೇ ಬೆರಳೆತ್ತಿ ಸನ್ನೆ ಮಾಡಿದ. ಮಾಬೂಬಿ ನನ್ನನ್ನು ಚೀಲದಿಂದ ಹೊರಗೆಳೆದಳು.

"ಏಳಕ್ಕ," ಎಂದಳು.

ನೀಲವ್ವ ಚಾದ ಲೋಟವನ್ನು ಅವಳ ಕೈಗಿಟ್ಟಳು. "ಏಳು ಇಲ್ಲೇ ಇರಲಿ. ನಾಲ್ಕು ಒಯ್ಯಿ, ಉದ್ದರಿ."

ಚಾ ಕುಡಿದ ಮೇಲೆ ಮಾಬೂಬಿ ನನ್ನನ್ನು ನೀಲವ್ವನ ಮುಂದೆ ಹಿಡಿದಳು. "ಇದು ನಿನ್ಹತ್ರಾನ ಇರಲಿ. ನನ್ನ ಕೈಯಾಗಿದ್ರ ಮತ್ತ ಚುಚ್ಚತೀನಿ."

"ಇದನ್ನ ಏನ್ ಸುಡಲೆವ್ವ ನಾನು?" ಎಂದಳು ನೀಲವ್ವ. ಆದರೂ ಇಸಿದುಕೊಂಡಳು.

ಅಂದಿನಿಂದ ನಾನು ಈ ಅಡುಗೆಮನೆಯಲ್ಲಿದ್ದೇನೆ. ಒಲೆಯ ಕೆಂಡ ಕೆದಕುವ ಕೆಲಸ. ಮೂತಿ ಮೊಂಡಾಗಿದೆ, ಮೈಯೆಲ್ಲ ಮಸಿ. ಸಾವಿರಾರು ಚೀಲದ ಒಳಗನ್ನು ಕಂಡ ನನಗೆ ಕಾಣದೆ ಉಳಿದು ಕಾಡುವವು ಆ ನಾಲ್ಕೇ. ಅವುಗಳ ತಳದಲ್ಲಿ ಏನಿತ್ತೋ ಇವತ್ತಿಗೂ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಗೊತ್ತಿಲ್ಲದಂತೆಯೇ ಹೊತ್ತು ನಡೆಯಬಲ್ಲ ಶಕ್ತಿ ಮನುಷ್ಯರಿಗೆ ಹೇಗೆ ಬಂತೋ! ಕಬ್ಬಿಣಕ್ಕಂತೂ ಇಲ್ಲ.

ಆ ನಾಲ್ಕು ಚೀಲ ಒಯ್ದ ಎಂಟನೆಯ ದಿನ ಮಾಬೂಬಿ ಬಂದಿದ್ದಳು. ಮಾತು ಹೊರಗಿನಿಂದ ಕೇಳುತ್ತಿತ್ತು.

"ಕಡ್ಲಿ ಹೆಂಗಿದ್ದುವು?"

"ಬಾಯಿ ಬಿಚ್ಚಿ ನೋಡ್ಲಿಲ್ಲವ್ವ. ಹೊಲಿದದ್ದು ಹೊಲಿದಂಗ ಮಿಲ್ಲಿಗೆ ಹಾಕ್ದೆ. ತಗೋ, ನಾಲ್ಕು ಚೀಲದ್ದು. ಎಣಿಸ್ಕೋ."

"ಎಣಸೂದೇನ್ ಬಿಡ ಮಾರಾಯ್ತಿ! ನಮ್ಮ ನಿಮ್ಮೊಳಗ ಎಂಥಾ ಎಣಿಕಿ?"

ನೀಲವ್ವ ನೋಟನ್ನು ಸೆರಗಿನಲ್ಲಿ ಸುತ್ತಿಕೊಂಡು ಒಳಗೆ ಬಂದಳು. ಬಾಗಿಲ ಮರೆಗೆ ನಿಂತು, ಬೆರಳಿಗೆ ಉಗುಳು ಹಚ್ಚಿ, ತುಟಿ ಅಲುಗದಂತೆ ಎರಡು ಸಲ ಎಣಿಸಿದಳು. ಆಮೇಲೆ ಚಾಕ್ಕೆ ನೀರಿಟ್ಟಳು.