ಬಾಗಿಲಿಗಿಟ್ಟ ಇಸ್ತ್ರಿಪೆಟ್ಟಿ

ಆ ಹೊಲಿಗೆ ಅಂಗಡಿಯಲ್ಲಿ ಅವಳ ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ. ಹದಿನಾಲ್ಕು ವರ್ಷದಿಂದ ಅಂಗಿಗಳಿಗೆ ಕಾಜಾ ಮಾಡುತ್ತಿದ್ದಳು, ಹಾಗಾಗಿ ಎಲ್ಲರ ಬಾಯಲ್ಲೂ ಕಾಜಕ್ಕ. ಗುಂಡಿ ತೂರಿಸುವ ಆ ಸಣ್ಣ ಸೀಳು ನೋಡುವವರಿಗೆ ಏನೂ ಅಲ್ಲ. ಮಾಡುವವರಿಗೆ ಮಾತ್ರ ಅದರ ಕಷ್ಟ ಗೊತ್ತು. ಹೊಲಿಗೆ ಓರೆಯಾದರೆ ಬಿಚ್ಚಿ ಮತ್ತೆ ಹೊಲಿಯಬಹುದು. ಕಾಜಾ ತಪ್ಪಿದರೆ ಬಟ್ಟೆಯಲ್ಲಿ ತೂತು ಉಳಿಯುತ್ತದೆ, ಅಷ್ಟೆ. ಅಲ್ಲಿ ಹೊಲಿಯುತ್ತಿದ್ದದ್ದು ಶಾಲಾ ಮಕ್ಕಳ ಸಮವಸ್ತ್ರ. ಹುಡುಗರ ಅಂಗಿಗೆ ಕಾಜಾ ಎಡಮಗ್ಗುಲಿಗೆ, ಹುಡುಗಿಯರ ಅಂಗಿಗೆ ಬಲಮಗ್ಗುಲಿಗೆ. ಹದಿನಾಲ್ಕು ವರ್ಷದಲ್ಲಿ ಕಾಜಕ್ಕ ಒಂದು ಸಲವೂ ಮಗ್ಗುಲು ತಪ್ಪಿದವಳಲ್ಲ.

ಅವಳಿಗೆ ಎರಡು ಅಭ್ಯಾಸಗಳಿದ್ದವು. ತಾನು ಕೂತ ಕೋಣೆಯ ಬಾಗಿಲು ಮುಚ್ಚಿಕೊಳ್ಳದಂತೆ ಏನಾದರೂ ಅಡ್ಡ ಇಡುವುದು ಒಂದು. ಇಸ್ತ್ರಿ ಮಾಡುವ ಮುದುಕ ಕೆಟ್ಟುಹೋದ ಇಸ್ತ್ರಿಪೆಟ್ಟಿಯೊಂದನ್ನು ಅದಕ್ಕೆಂದೇ ಕೊಟ್ಟಿದ್ದ. ಸಂಜೆ ಎಲ್ಲರೂ ಹೊರಟ ಮೇಲೆ ಕೊನೆಯವಳಾಗಿ ಹೊರಡುವುದು ಇನ್ನೊಂದು. "ನಮ್ಮ ಅಂಗಡಿಗೆ ಕಾವಲುಗಾರ ಬೇಡ ಬಿಡಿ, ಕಾಜಕ್ಕ ಇದಾರಲ್ಲ" ಎಂದು ಎಲ್ಲರೂ ನಗುತ್ತಿದ್ದರು. ಅವಳೂ ನಗುತ್ತಿದ್ದಳು. ದಾರ ಕತ್ತರಿಸುವ ಪುಟ್ಟ ಕತ್ತರಿಯನ್ನು ನೂಲಿಗೆ ಕಟ್ಟಿ ಕೊರಳಿಗೆ ಹಾಕಿಕೊಳ್ಳುತ್ತಿದ್ದಳು. ಮನೆಗೆ ಹೋಗುವಾಗಲೂ ಅದು ಅವಳ ಜೊತೆಗೇ.

ಇದಕ್ಕೂ ಮುಂಚೆ ಬೇರೆ ಅಂಗಡಿಯಲ್ಲಿದ್ದಾಗ ಅಲ್ಲಿ ಬೆಂಕಿ ಬಿದ್ದಿತ್ತು, ಇವಳು ಹೊರಗೆ ಬಂದಳು, ಇಬ್ಬರು ಬರಲಿಲ್ಲ ಎನ್ನುವಷ್ಟು ಎಲ್ಲರಿಗೂ ಗೊತ್ತಿತ್ತು. ಅದಾಗಿ ಹತ್ತೊಂಬತ್ತು ವರ್ಷ. ಅದಕ್ಕೂ ಈ ಅಭ್ಯಾಸಗಳಿಗೂ ಯಾರೂ ಗಂಟು ಹಾಕಿರಲಿಲ್ಲ. ಕಾಜಕ್ಕನೂ ಹಾಕಿರಲಿಲ್ಲ. ಗಾಳಿಗೆ ಬಾಗಿಲು ತೆಗೆದಿಡುತ್ತೇನೆ, ನಿಧಾನದವಳು ಅದಕ್ಕೆ ತಡವಾಗಿ ಹೊರಡುತ್ತೇನೆ ಎಂದು ತನಗೆ ತಾನೇ ಹೇಳಿಕೊಂಡಿದ್ದಳು.

ತೊಂದರೆ ಶುರುವಾದದ್ದು ಹೊಸ ಕಾಜಾ ಮಿಷನ್ನು ಬಂದ ಮೇಲೆ. ಹಳೆಯದು ಮುಂದಿನ ಹಜಾರದಲ್ಲಿ, ಬೀದಿಬಾಗಿಲ ಪಕ್ಕದಲ್ಲಿತ್ತು. ಹೊಸದಕ್ಕೆ ಧೂಳು ಆಗದು. ಬಟ್ಟೆ ಕತ್ತರಿಸುವ ಕಡೆಯಿಂದ ಹತ್ತಿಯ ಎಳೆ ಹಾರಿ ಬಂದರೆ ಸೂಜಿ ಸಿಕ್ಕಿಕೊಳ್ಳುತ್ತದೆ. ಅದಕ್ಕೇ ಒಳಕೋಣೆಯಲ್ಲಿಟ್ಟು, ಬಾಗಿಲಿಗೆ ತಾನಾಗಿ ಮುಚ್ಚಿಕೊಳ್ಳುವ ಸ್ಪ್ರಿಂಗು ಹಾಕಿಸಿದರು. ಹಾಕಿಸಿದ್ದು ಕಟಿಂಗ್ ಮಾಸ್ತರು. ಅಂಗಡಿಯ ಯಜಮಾನರು ವಾರಕ್ಕೊಮ್ಮೆ ಬಂದುಹೋಗುತ್ತಿದ್ದರಿಂದ ಅಲ್ಲಿ ಮಾಸ್ತರ ಮಾತೇ ಮಾತು. ಕಾಜಕ್ಕ ಇಸ್ತ್ರಿಪೆಟ್ಟಿ ತಂದು ಆ ಬಾಗಿಲಿಗೂ ಅಡ್ಡ ಇಟ್ಟಳು. ಮಾಸ್ತರು ಅದನ್ನು ಎತ್ತಿ ಕಿಟಕಿಕಟ್ಟೆಯ ಮೇಲಿಟ್ಟರು.

"ಇದೊಂದು ಬೇಡ ಕಾಜಕ್ಕ. ಮಿಷನ್ನು ಕೆಟ್ರೆ ನನ್ನ ತಲೆ ಹೋಗುತ್ತೆ."

"ಆಯ್ತು ಮಾಸ್ತರೆ" ಎಂದಳು. ಆಗಲ್ಲ ಎನ್ನಲು ಏನು ಕಾರಣ ಕೊಡುವುದು?

ಮೊದಲ ದಿನ ಅಂಗೈ ಬೆವರಿ ಬಟ್ಟೆಗೆ ಗುರುತು ಬಿತ್ತು. ಯಾರಾದರೂ ಅಂಗಿಗಳ ಕಟ್ಟು ಕೊಟ್ಟು ಹಿಂದಿರುಗಿದಾಗಲೆಲ್ಲ ಬಾಗಿಲು ಟಪ್ ಎಂದು ಕೂತುಕೊಳ್ಳುತ್ತಿತ್ತು. ಆ ಸದ್ದಿಗೆ ಅವಳ ಕಾಲು ಪೆಡಲಿನಿಂದ ತಾನಾಗಿ ಎದ್ದುಬಿಡುತ್ತಿತ್ತು. ಎರಡನೆಯ ದಿನ ಊಟದ ಡಬ್ಬಿಯನ್ನು ಬೀದಿಬಾಗಿಲ ಹತ್ತಿರ ಒಯ್ದು ಅಲ್ಲೇ ಕೂತು ಉಂಡಳು. ಮೂರನೆಯ ದಿನ ಕಿವಿಯೆಲ್ಲ ಬಾಗಿಲ ಕಡೆ, ಕೈ ಮಾತ್ರ ಮಿಷನ್ನಿನ ಕಡೆ. ಸಂಜೆ ಇಸ್ತ್ರಿಯ ಮುದುಕ ಅಂಗಿಯೊಂದನ್ನು ಹರವಿ ನೋಡಿದ. ಆಮೇಲೆ ಮಾಸ್ತರನ್ನು ಕರೆದ. ಒಂದನೇ ತರಗತಿಯ ಹುಡುಗರ ನಲವತ್ತು ಅಂಗಿ. ನಲವತ್ತಕ್ಕೂ ಕಾಜಾ ಬಲಮಗ್ಗುಲಿಗೆ.

ಮಾಸ್ತರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

"ವಯಸ್ಸಾಯ್ತಲ್ಲ ಕಾಜಕ್ಕ, ಎಲ್ಲರಿಗೂ ಬರೋದೇ. ಒಂದು ವಾರ ರಜ ತಗೊಳ್ಳಿ, ಕಣ್ಣಿಗೆ ತೋರಿಸಿ. ಸರಿಹೋದ್ರೆ ಬನ್ನಿ. ಇಲ್ಲಾಂದ್ರೆ ಮಿಷನ್ನಿಗೆ ಬೇರೆಯವರನ್ನ ಕೂರಿಸ್ಬೇಕಾಗುತ್ತೆ. ನನಗೂ ಬೇರೆ ದಾರಿ ಇಲ್ಲ."

"ಹೌದು ಮಾಸ್ತರೆ, ಕಣ್ಣೇ" ಎಂದಳು ಕಾಜಕ್ಕ. ಕಣ್ಣು ಎನ್ನುವುದು ಎಷ್ಟು ಸಲೀಸಾದ ಮಾತು. ಎಲ್ಲರಿಗೂ ಅರ್ಥವಾಗುತ್ತದೆ, ಯಾರೂ ಮುಂದೆ ಕೇಳುವುದಿಲ್ಲ.

ಮನೆಯಲ್ಲಿ ಅವಳ ಜೊತೆಗಿದ್ದವಳು ತಂಗಿ. ಆಸ್ಪತ್ರೆಯೊಂದರಲ್ಲಿ ಚೀಟಿ ಬರೆದು ಕೊಡುವ ಕೆಲಸ ಅವಳದು. ಮಾರನೆಯ ಬೆಳಿಗ್ಗೆಯೇ ಅಕ್ಕನನ್ನು ಅಲ್ಲಿಯ ಕಣ್ಣಿನ ಡಾಕ್ಟರ ಮುಂದೆ ಕೂರಿಸಿದಳು. ಅವರು ದೀಪ ಹಿಡಿದರು, ಅಕ್ಷರ ಓದಿಸಿದರು, ಕೊನೆಗೆ ಸೂಜಿಯೊಂದನ್ನು ಕೊಟ್ಟರು. ಒಂದೇ ಸಲಕ್ಕೆ ದಾರ ಪೋಣಿಸಿದಳು.

"ನಿಮ್ಮ ಕಣ್ಣಿಗೇನಾಗಿದೆಯಮ್ಮ, ನನ್ನ ಕಣ್ಣಿಗಿಂತ ಚೆನ್ನಾಗಿದೆ" ಎಂದು ಕಳಿಸಿಬಿಟ್ಟರು.

ತಂಗಿ ಹೊರಗಿನ ಬೆಂಚಿನ ಮೇಲೆ ಅಕ್ಕನ ಪಕ್ಕ ಕೂತಳು.

"ಅಕ್ಕ, ಒಂದು ಮಾತು ಹೇಳ್ತೀನಿ, ಕೋಪ ಮಾಡ್ಕೋಬೇಡ. ನೀನು ಸ್ನಾನ ಮಾಡೋವಾಗ್ಲೂ ಬಾಗಿಲು ಹಾಕ್ಕೊಳಲ್ಲ. ಮನೇಲಿ ಗಂಡಸರಿಲ್ಲ, ಸರಿ ಅಂತ ಸುಮ್ನಿದ್ದೆ. ಎಲ್ಲಿಗೆ ಹೊರಟ್ರೂ ನನ್ನನ್ನ ಮುಂದೆ ದಬ್ಬಿ ಆಮೇಲೆ ನೀನು ಬರ್ತೀಯ. ಇದೂ ಕಣ್ಣಾ?"

"ನಿನ್ನ ತಲೆ."

"ನನ್ನ ತಲೆ ಇರ್ಲಿ. ನಿನ್ನ ತಲೆಗೆ ಚೀಟಿ ಬರೆಸಿದೀನಿ. ಮೂರನೇ ಕೋಣೆ."

ಮೂರನೇ ಕೋಣೆಯಲ್ಲಿ ಮನಸ್ಸಿನ ಡಾಕ್ಟರು ಇದ್ದರು. ನಡುವಯಸ್ಸಿನ ಹೆಂಗಸು, ಕೂದಲು ಅರ್ಧ ನರೆತಿತ್ತು. ಕಾಜಕ್ಕ ಒಳಗೆ ಹೋದಳು, ಬಾಗಿಲು ಹಿಂದೆ ತಾನಾಗಿ ಮುಚ್ಚಿಕೊಂಡಿತು. ಕುರ್ಚಿಯಲ್ಲಿ ಕೂರದೆ ಹಿಂದಿರುಗಿ ನೋಡುತ್ತ ನಿಂತಳು. ಡಾಕ್ಟರು ಎದ್ದು ಬಂದು ಕಸದ ಬುಟ್ಟಿಯನ್ನು ಬಾಗಿಲಿಗೆ ಅಡ್ಡ ಇಟ್ಟರು. ಒಂದು ಗೇಣು ಸಂದು ಉಳಿಯಿತು.

"ಇಷ್ಟು ಸಾಕಾ?" ಎಂದರು.

ಅಷ್ಟು ಸಾಕಾಗಿತ್ತು. ಕಾಜಕ್ಕ ಕೂತಳು. ನಿದ್ದೆ, ಊಟ, ಕೆಲಸ ಎಂದು ಮಾತು ಎಲ್ಲೆಲ್ಲೋ ಸುತ್ತಿ ಆ ಹಳೆಯ ಅಂಗಡಿಗೆ ಬಂದು ನಿಂತಿತು.

"ಎಲ್ಲರಿಗಿಂತ ಮುಂದೆ ನಾನಿದ್ದೆ" ಎಂದಳು. "ಆ ಬಾಗಿಲಿಗೆ ಒಳಗಡೆ ಹಿಡಿ ಮುರಿದು ತಿಂಗಳಾಗಿತ್ತು. ಕತ್ತರಿ ತುದಿ ತೂರಿಸಿ ತಿರುಗಿಸ್ಬೇಕಿತ್ತು, ಅದಕ್ಕೆ ಹಿಡಿಸೋ ಸಣ್ಣ ಕತ್ತರಿ ಇದ್ದದ್ದು ನನ್ನ ಹತ್ರ ಮಾತ್ರ. ನಾನು ತಿರುಗಿಸ್ದೆ, ತೆಗೀತು, ಆಚೆ ಬಂದೆ. ಹಿಂದೆ ಅವರಿಬ್ರು ಬರ್ತಿದ್ರಲ್ಲ, ಬಾಗಿಲು ಹಿಡ್ಕೋತಾರೆ ಅಂದ್ಕೊಂಡೆ. ಸ್ಪ್ರಿಂಗಿನ ಬಾಗಿಲು. ಟಪ್ ಅಂದಿದ್ದು ಕೇಳಿಸ್ತು. ಮೆಟ್ಟಿಲಿಳಿದು ಕೆಳಗೆ ಹೋಗಿ ತಿರುಗಿ ನೋಡಿದ್ರೆ ಹಿಂದೆ ಯಾರೂ ಇಲ್ಲ. ವಾಪಸ್ ಹತ್ತೋಕೆ ಹೋದೆ. ಜನ ಹಿಡ್ಕೊಂಡ್ರು, ಬಿಡ್ಲಿಲ್ಲ. ಕೈ ನೋಡ್ಕೊಂಡ್ರೆ ಕತ್ತರಿ ನನ್ನ ಕೈಯಲ್ಲೇ ಇದೆ."

ಇದನ್ನು ಅವಳು ತಂಗಿಗೂ ಹೇಳಿರಲಿಲ್ಲ. ಸಂದಿನಾಚೆ ಬೆಂಚಿನ ಮೇಲೆ ಕೂತಿದ್ದ ತಂಗಿಗೆ ಎಲ್ಲ ಕೇಳಿಸುತ್ತಿತ್ತು.

"ಆ ಹಿಡಿ ರಿಪೇರಿ ಮಾಡಿಸ್ಬೇಕಾಗಿದ್ದು ಯಾರು?" ಡಾಕ್ಟರು ಕೇಳಿದರು.

"ಯಜಮಾನರು."

"ನೀವಲ್ಲ."

"ನಾನಲ್ಲ. ಕತ್ತರಿ ಮಾತ್ರ ನನ್ನದು."

ಡಾಕ್ಟರು ವಾದ ಮಾಡಲಿಲ್ಲ. "ಅದು ಮುಗಿದು ಹತ್ತೊಂಬತ್ತು ವರ್ಷ ಆಯ್ತು ಅಂತ ನಿಮಗೆ ಗೊತ್ತು. ನಿಮ್ಮ ಕಾಲಿಗೆ, ಕಿವಿಗೆ ಅದು ಗೊತ್ತಿಲ್ಲ. ಬಾಗಿಲ ಸದ್ದಾದಾಗ ಅವು ಆ ದಿನದ ಕೆಲಸವನ್ನೇ ಮಾಡ್ತಿರ್ತವೆ. ಅದು ಹುಚ್ಚಲ್ಲ, ಸೋಗೂ ಅಲ್ಲ. ಬಾಯಲ್ಲಿ ಹೇಳಿದ್ರೆ ಅವು ಕೇಳಲ್ಲ. ಮಾಡಿ ತೋರಿಸ್ಬೇಕು, ಸ್ವಲ್ಪಸ್ವಲ್ಪವಾಗಿ" ಎಂದರು. ವಾರಕ್ಕೊಮ್ಮೆ ಬರಲು ಹೇಳಿದರು. ಮನೆಯಲ್ಲಿ ಮಾಡುವುದಕ್ಕೆ ಒಂದು ಕೆಲಸವನ್ನೂ ಕೊಟ್ಟರು.

ಕೆಲಸ ಇಷ್ಟೆ. ಕಾಜಕ್ಕ ಮನೆಯಿಂದ ಹೊರಗೆ ಬರಬೇಕು, ಬಾಗಿಲು ಮುಚ್ಚಬೇಕು, ತಂಗಿ ಒಳಗಿರಬೇಕು. ತಂಗಿ ಒಳಗಿನಿಂದ ತಾನೇ ತೆಗೆದುಕೊಂಡು ಬರುವವರೆಗೆ ಕಾಜಕ್ಕ ಬಾಗಿಲು ಮುಟ್ಟುವಂತಿಲ್ಲ. ಮೊದಲ ದಿನ ಬಾಗಿಲು ಮುಚ್ಚಿದ ಮರುಕ್ಷಣವೇ ತಳ್ಳಿ ತೆಗೆದಳು. ತಂಗಿಯ ಹಣೆಗೆ ಬಡಿಯಿತು. ಎರಡನೆಯ ದಿನ ಅಳು ಬಂತು. ಮೂರನೆಯ ದಿನ ಒಂದು ಉಪಾಯ ಹೊಳೆಯಿತು. ಅಂಗಿಗೆ ಆರು ಕಾಜಾ, ಮನಸ್ಸಿನಲ್ಲೇ ಒಂದೊಂದಾಗಿ ಮಾಡುತ್ತ ನಿಲ್ಲುವುದು. ಎರಡು ಕಾಜಾ ತನಕ ನಿಲ್ಲಲು ಆಯಿತು. ವಾರ ಮುಗಿಯುವ ಹೊತ್ತಿಗೆ ಐದಕ್ಕೆ ಬಂದಿದ್ದಳು.

"ದಿನಕ್ಕೆ ಹತ್ತು ಸಲ ಬಾಗಿಲು ತೆಗೆದು ಹಾಕಿ ತೆಗೆದು ಹಾಕಿ, ಪಕ್ಕದ ಮನೆಯವ್ರು ನಾವಿಬ್ರೂ ಜಗಳ ಆಡ್ತಿದೀವಿ ಅಂದ್ಕೊಂಡಿದಾರೆ" ಎಂದಳು ತಂಗಿ.

"ಹೌದು ಅನ್ನು. ಆಸ್ತಿ ಜಗಳ ಅನ್ನು."

"ಯಾವ ಆಸ್ತಿ?"

"ಬಾಗಿಲು."

ರಜೆ ಮುಗಿಯಿತು. ಇನ್ನು ಮಾಸ್ತರಿಗೆ ಹೇಳಬೇಕಿತ್ತು. ಕಣ್ಣು ಸರಿಹೋಯಿತು ಎಂದುಬಿಡೋಣ ಎನ್ನಿಸಿತು. ಹಾಗೆಂದರೆ ಇನ್ನೊಂದು ಕಟ್ಟು ಕೆಟ್ಟ ದಿನ ಅವಳ ಕುರ್ಚಿ ಹೋದ ಹಾಗೇ. ಅಂಗಡಿಗೆ ಬೇಗ ಹೋದಳು. ಮಾಸ್ತರು ಒಬ್ಬರೇ ಮೇಜಿನ ಮೇಲೆ ಬಟ್ಟೆ ಹಾಸುತ್ತಿದ್ದರು.

"ಮಾಸ್ತರೆ, ನನ್ನ ಕಣ್ಣಿಗೇನೂ ಆಗಿಲ್ಲ. ಬಾಗಿಲಿಂದ ತೊಂದರೆ" ಎಂದು ನಿಂತೇ ಎಲ್ಲ ಹೇಳಿದಳು. ಡಾಕ್ಟರಿಗೆ ಹೇಳಿದ್ದಕ್ಕಿಂತ ಕಡಿಮೆ ಮಾತಿನಲ್ಲಿ ಮುಗಿಯಿತು.

ಮಾಸ್ತರು ಬಟ್ಟೆಯ ಅಂಚು ಸರಿಮಾಡುತ್ತಲೇ ಕೇಳಿಸಿಕೊಂಡರು. ಸರಿಯಾದ ಮೇಲೂ ಸರಿಮಾಡುತ್ತಿದ್ದರು. ಆಮೇಲೆ ಡ್ರಾಯರಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಒಳಕೋಣೆಯ ಕಡೆ ನಡೆದರು.

"ಹದಿನಾಲ್ಕು ವರ್ಷ ಪಕ್ಕದಲ್ಲೇ ಕೂತು ಒಂದು ಮಾತು ಹೇಳ್ಲಿಲ್ವಲ್ಲ ನೀವು. ಈ ಸ್ಪ್ರಿಂಗು ಬಿಚ್ಚಿ ಬಿಸಾಕ್ತೀನಿ."

"ಬಿಚ್ಚಬೇಡಿ. ಮಿಷನ್ನು ಕೆಡುತ್ತೆ" ಎಂದಳು ಕಾಜಕ್ಕ. "ಒಳಗಡೆ ಹಿಡಿ ಅಲ್ಲಾಡ್ತಿದೆ, ನೋಡಿ. ಅದನ್ನ ಬಿಗಿ ಮಾಡಿ. ತಿಂಗಳಿಗೊಂದು ಸಲ ಮಾಡಿ."

ಮಾಸ್ತರು ಮಂಡಿಯೂರಿ ಕೂತು ಹಿಡಿಯ ನಾಲ್ಕೂ ತಿರುಪು ಬಿಗಿ ಮಾಡಿದರು. ಎದ್ದು ಮೂರು ಸಲ ತಿರುಗಿಸಿ ನೋಡಿದರು. ಕಾಜಕ್ಕನೂ ಮೂರು ಸಲ ನೋಡಿದಳು.

"ಆ ನಲವತ್ತು ಅಂಗಿ ಏನ್ಮಾಡಿದ್ರಿ?" ಎಂದು ಕೇಳಿದಳು.

"ಅದೇ ತರಗತಿ ಹುಡುಗೀರಿಗೆ ಕೊಟ್ವಿ. ಹುಡುಗೀರ ಅಂಗಿಗೆ ಜೇಬಿರಲ್ಲ. ಇವಕ್ಕೆ ಮೊದಲೇ ಹೊಲಿದಿತ್ತಲ್ಲ, ಹಾಗೇ ಹೋಯ್ತು. ಈಗ ಎರಡನೇ ತರಗತಿ ಹುಡುಗೀರು ನಮಗೂ ಜೇಬು ಬೇಕು ಅಂತ ಕೂತಿದಾರಂತೆ."

ಆ ದಿನ ಕೆಲಸ ಸಲೀಸಾಗಿ ಆಯಿತು ಎನ್ನುವಂತಿಲ್ಲ. ಟಪ್ ಎಂದಾಗ ಕಾಲು ಈಗಲೂ ಎದ್ದಿತು. ಎದ್ದಾಗ ಮಿಷನ್ನು ನಿಲ್ಲಿಸಿ, ಹೋಗಿ ಹಿಡಿ ತಿರುಗಿಸಿ, ಬಾಗಿಲು ತೆಗೆದು, ಮುಚ್ಚಿ, ಬಂದು ಕೂತಳು. ಪ್ರತಿ ಅಂಗಿಗೂ ಮಗ್ಗುಲನ್ನು ಬಾಯಿಬಿಟ್ಟು ಹೇಳಿಕೊಂಡೇ ಸೂಜಿ ಇಳಿಸಿದಳು. ಎಂದಿನ ಅರ್ಧದಷ್ಟು ಕೆಲಸವಾಯಿತು. ಒಂದೂ ತಪ್ಪಲಿಲ್ಲ.

ಸಂಜೆ ಎಲ್ಲರೂ ಹೊರಟರು. ಒಳಕೋಣೆಯಲ್ಲಿ ಉಳಿದದ್ದು ಇಸ್ತ್ರಿಯ ಮುದುಕ ಮಾತ್ರ. ಮುಗಿದ ಅಂಗಿಗಳನ್ನು ಎಣಿಸಿ ಕಟ್ಟುತ್ತಿದ್ದ. ಕಾಜಕ್ಕ ಅವನ ಮುಂದೆ ಬಂದು ನಿಂತಳು.

"ನೀವು ಬನ್ನಿ ಅಣ್ಣ. ನಾನು ಮುಂದೆ ಹೋಗಿರ್ತೀನಿ."

ಮುದುಕ ತಲೆಯೆತ್ತಿ ನೋಡಿದ. ಮತ್ತೆ ಎಣಿಸತೊಡಗಿದ.

ಅವಳು ಹೊರಗೆ ಬಂದು ಕೈಬಿಟ್ಟಳು. ಬಾಗಿಲು ಮುಚ್ಚಿಕೊಂಡಿತು. ಒಂದು ಕಾಜಾ. ಎರಡು. ಕೈ ಹಿಡಿಯ ಕಡೆ ಹೋಯಿತು, ಹಿಂದಕ್ಕೆ ತಂದುಕೊಂಡಳು. ಮೂರು. ನಾಲ್ಕು. ಐದು. ಆರು ಮುಗಿದವು, ಬಾಗಿಲು ತೆಗೆಯಲಿಲ್ಲ. ಇನ್ನೊಂದು ಅಂಗಿ ಶುರುಮಾಡಿದಳು. ಆ ಅಂಗಿಯ ಮೂರನೆಯ ಕಾಜಾಕ್ಕೆ ಒಳಗಿನಿಂದ ಹಿಡಿ ತಿರುಗಿತು. ಮುದುಕ ಬಗಲಲ್ಲಿ ಕಟ್ಟು ಹಿಡಿದುಕೊಂಡು ಹೊರಗೆ ಬಂದ.

"ಕಟ್ಟಿನ ದಾರ ಸಿಗ್ಲಿಲ್ಲಮ್ಮ, ಅದಕ್ಕೆ ತಡ" ಎಂದ. ಆಮೇಲೆ ಅವಳ ಕೊರಳು ನೋಡಿ, "ನಿನ್ನ ಕತ್ತರಿ ಮಿಷನ್ ಮೇಲೇ ಬಿಟ್ಟು ಬಂದಿದೀಯಲ್ಲ. ತಂದುಕೊಡ್ಲಾ?"

"ಬೇಡ ಅಣ್ಣ" ಎಂದಳು ಕಾಜಕ್ಕ. "ಒಳಗೇ ಇರ್ಲಿ."